ಎಲ್ಲದಕ್ಕೂ ಹೌದೆಂದ ಜಗದೇವಿ

ಮಧ್ಯಾಹ್ನ ನೀವೆಲ್ಲ ಹೊರಗೆ ಹೋದಮೇಲೆ ಕುಸನೂರಿನ ಈ ಮನೆ ಬಹಳ ಸುಮ್ಮನಾಗುತ್ತದೆ. ಫ್ಯಾನು ತಿರುಗುತ್ತದೆ, ನನ್ನ ಕಣ್ಣು ಎಳೆಯುತ್ತದೆ. ಆಗ ನಾನು ಯಾರದೋ ಮುಂಗೈ ಹಿಡಿದು ನಡೆಯುತ್ತಿರುತ್ತೇನೆ. ಮುಖ ಕಾಣುವುದಿಲ್ಲ. ಸೆರಗು ಕಾಣುತ್ತದೆ, ಬಿಸಿಲು ಕಾಣುತ್ತದೆ. ಎಚ್ಚರವಾದಾಗ ನನ್ನ ಬೆರಳು ಇನ್ನೂ ಬಿಗಿದಿರುತ್ತವೆ. ನೌಕರಿ ಮುಗಿದ ಸುದ್ದಿ ಕೈಗೆ ಇನ್ನೂ ಮುಟ್ಟಿಲ್ಲ.

ಸ್ನೇಹಾ, ನೀನು ಪೊಲೀಸ್ ಟ್ರೇನಿಂಗಿಗೆ ಹೊರಟಿದ್ದೀ. ನಿನ್ನ ಅಣ್ಣ ಸಂಗಮೇಶ ವಕೀಲಿ ಓದುತ್ತಿದ್ದಾನೆ. ಆಯಿ, ನಿನ್ನ ನೌಕರಿ ಹೆಂಗಿತ್ತು ಹೇಳು ಅಂತ ನೀವಿಬ್ಬರೂ ಕೇಳಿದಾಗಲೆಲ್ಲ ನಾನು ನಕ್ಕು ಒಳಗೆ ಹೋಗಿದ್ದೇನೆ. ಮಂದಿಯ ಮುಂದೆ ಮಾತಾಡಲು ನನಗೆ ಮೊದಲಿನಿಂದ ನಾಚಿಕೆ, ಮೊಮ್ಮಕ್ಕಳೂ ಮಂದಿಯೇ. ಬರೆಯುವಾಗ ಯಾರೂ ಮುಖ ನೋಡುವುದಿಲ್ಲ. ಕಮಲಾಪುರದ ಸರಕಾರಿ ಸಾಲೆಯಲ್ಲಿ ಕಲಿತ ಅಕ್ಷರ ಇವು, ತಪ್ಪಿದ್ದರೆ ನೀವೇ ತಿದ್ದಿಕೊಳ್ಳಿ.

ನಿಮ್ಮ ಮುತ್ಯಾ, ನನ್ನ ಗಂಡ, ಪೊಲೀಸ್ ಇದ್ದರು. ಮಹಾಗಾಂವ ಕ್ರಾಸಿನ ಹತ್ತಿರ ಲಾರಿ ಬಡಿದು ಹೋದರು. ನಿಮ್ಮ ಅವ್ವ ಆಗ ಅಂಬೆಗಾಲಿಡುತ್ತಿದ್ದಳು. ಅನುಕಂಪದ ಮೇಲೆ ನನಗೆ ಖಾಕಿ ಕೊಟ್ಟರು. ಅಲ್ಲಿಯವರೆಗೆ ತಲೆಯ ಮೇಲಿನ ಸೆರಗು ಇಳಿಸದವಳು ಒಂದು ಮುಂಜಾನೆ ಪ್ಯಾಂಟು ಹಾಕಿಕೊಂಡು ಕಮಲಾಪುರದ ಬಜಾರಿನಲ್ಲಿ ನಡೆದೆ. ತಕ್ಕಡಿ ಹಿಡಿದ ಅಂಗಡಿಯವರು ಹಾಗೇ ಹಿಡಿದು ನೋಡಿದರು. ನನಗೆ ಆ ದಿನ ನೀರಿನ ಕೆಳಗೆ ನಡೆದ ಹಾಗೆ ಇತ್ತು, ಯಾವ ಸಪ್ಪಳವೂ ಕಿವಿಗೆ ಬೀಳಲಿಲ್ಲ. ಬಡ್ತಿಯ ಮಾತು ಬೇಡ. ಒಂದು ಬಂತು, ಅದೂ ತಡವಾಗಿ.

ನನ್ನ ಕೆಲಸಕ್ಕೆ ಎಸ್ಕಾರ್ಟ್ ಅನ್ನುತ್ತಾರೆ. ಹೆಣ್ಣು ಕೈದಿಯನ್ನು ಠಾಣೆಯಿಂದ ಕೋರ್ಟಿಗೆ, ಕೋರ್ಟಿನಿಂದ ಜೈಲಿಗೆ, ಜೈಲಿನಿಂದ ದವಾಖಾನೆಗೆ ಕರೆದುಕೊಂಡು ಹೋಗುವುದು, ತಿರುಗಿ ತಂದು ಒಪ್ಪಿಸುವುದು. ಸಿನಿಮಾದ ಪೊಲೀಸರು ಕಳ್ಳರನ್ನು ಹಿಡಿಯುತ್ತಾರೆ. ನಾನು ಹಿಡಿದವರ ಪಕ್ಕದಲ್ಲಿ ಕೂಡುತ್ತಿದ್ದೆ. ಅವರ ಗುನ್ನೆ ನನ್ನದಲ್ಲ, ಶಿಕ್ಷೆ ನನ್ನದಲ್ಲ. ನಡುವಿನ ದಾರಿ ಮಾತ್ರ ನನ್ನದು.

ಕೆಲಸ ಕಲಿಸಿದವರು ಹವಾಲ್ದಾರ ಮೌಲಾಸಾಬರು. ಬಾಯಿ ತುಂಬ ಪಾನು, ಮಾತಿನ ನಡುವೆ ಉರ್ದು. ಬೇರೆಯವರಿಗೆ ಅವರು ಹುಲಿ, ನನಗೆ ತಂದೆಯ ಹಾಗೆ. ಮೊದಲ ದಿನವೇ ಹೇಳಿದರು: "ಬೇಟೀ, ಕೈದಿ ಮಾರಿ ನೋಡಬ್ಯಾಡ. ಕೈದಿ ಎತ್ತಾಗ ನೋಡ್ತಾಳ ಅತ್ತಾಗ ನೋಡು. ಓಡೋರು ಮೊದಲ ಕಣ್ಣಿಲೆ ಓಡ್ತಾರ." ನೀನು ಟ್ರೇನಿಂಗಿನಲ್ಲಿ ಏನೇನೋ ಕಲಿಯುತ್ತೀ ಸ್ನೇಹಾ. ಇದನ್ನೂ ಇಟ್ಟುಕೋ.

ನನ್ನ ಮೊದಲ ಕೈದಿ ಗಂಗಾಬಾಯಿ ಎಂಬ ಮುದುಕಿ. ಒಂದು ಗೊನೆ ಕೆಂಪು ಬಾಳೆಹಣ್ಣು ಕದ್ದಳೆಂದು ತೋಟದವರು ಹಿಡಿದು ಕೊಟ್ಟಿದ್ದರು. ಬೇಲಿಯ ಹತ್ತಿರ ಪುಳ್ಳೆ ಆರಿಸುತ್ತಿದ್ದೆ ಅನ್ನುತ್ತಿದ್ದಳು ಅವಳು. ಆಗ ನಮಗೆ ವ್ಯಾನು ಇರಲಿಲ್ಲ, ಕೆಂಪು ಬಸ್ಸಿನಲ್ಲೇ ಹೋಗಬೇಕು. ಕಿಟಕಿಯಿಂದ ಗಾಳಿ ಬರುತ್ತಿತ್ತು. ಸಣ್ಣ ಕೂಸಿನ ತಾಯಿ ನಾನು, ಎಷ್ಟೋ ದಿನದಿಂದ ಸರಿಯಾಗಿ ಮಲಗಿರಲಿಲ್ಲ. ಕಣ್ಣು ಯಾವಾಗ ಮುಚ್ಚಿತೋ ತಿಳಿಯದು. ಯಾರೋ ಭುಜ ಅಲುಗಿಸಿದರು. "ಏಳವ್ವ, ಕಲಬುರಗಿ ಬಂತು. ನೀ ಮಲಗಿದ್ರ ನನ್ನ ಯಾರು ಒಯ್ಯೋರು?" ಅಂತ ಗಂಗಾಬಾಯಿ. ಪೊಲೀಸಮ್ಮನ್ನ ಕೈದಿ ಹಿಡಿದು ತಂದಾಳ ಅಂತ ಕಂಡಕ್ಟರು ಬಸ್ ಸ್ಟ್ಯಾಂಡಿನ ತುಂಬ ಸಾರಿದ. ಮೌಲಾಸಾಬರಿಗೆ ಸುದ್ದಿ ಮುಟ್ಟಿದಾಗ ಬೈಯಲಿಲ್ಲ. ಮುಂದಿನ ಸಲ ಆ ಮುದುಕಿಗೇ ಖಾಕಿ ತೊಡಿಸು ಅಂದರು ಅಷ್ಟೆ.

ಗಂಗಾಬಾಯಿಗೆ ಜಾಮೀನು ನಿಲ್ಲಲು ಯಾರೂ ಬರಲಿಲ್ಲ. ತಾರೀಖಿನ ಮೇಲೆ ತಾರೀಖು ಬಿತ್ತು. ಕದ್ದಳೆನ್ನುವ ಬಾಳೆಯ ಬುಡದಲ್ಲಿ ಮರಿ ಎದ್ದು, ಬೆಳೆದು, ಅದೂ ಗೊನೆ ಹಾಕಿರಬೇಕು, ಅಷ್ಟು ಕಾಲ ಒಳಗಿದ್ದಳು. ಕಡೆಗೆ ಜೈಲಿನ ಹೆಂಗಸರೇ ಬುದ್ಧಿ ಹೇಳಿದರು: ಕದ್ದೆ ಅಂದುಬಿಡು, ಇದ್ದ ದಿನವನ್ನೇ ಶಿಕ್ಷೆ ಅಂತ ಹಿಡಿದು ಮನೆಗೆ ಕಳಿಸುತ್ತಾರೆ. ಹಾಗೇ ಅಂದಳು, ಹಾಗೇ ಕಳಿಸಿದರು. ಹೊರಗೆ ಬಂದು ನನ್ನ ಕಿವಿಯ ಹತ್ತಿರ ಬಾಗಿ, "ನನಗ ಕೆಂಪು ಬಾಳಿ ಸೇರೂದೇ ಇಲ್ಲವ್ವ, ಭಾಳ ಸೀ ಇರ್ತದ" ಅಂದಳು. ಮಂದಿ ಹೌದು ಅನ್ನುವುದಕ್ಕೆ ಬಹಳ ಕಾರಣಗಳಿರುತ್ತವೆ ಸಂಗಮೇಶ. ಅದು ಖರೆ ಇರುವುದು ಅದರಲ್ಲಿ ಒಂದು ಮಾತ್ರ.

ಗಂಗಾಬಾಯಿಯ ಕತೆ ಮೊದಲು ಬರೆದದ್ದು ಜಗದೇವಿಯ ಕತೆ ನಿಮಗೆ ತಿಳಿಯಲೆಂದು. ನನ್ನ ನೌಕರಿ ಅಂದರೆ ನನಗೆ ಜಗದೇವಿಯೇ.

ಅವಳ ಗಂಡನ ಮನೆ ಮಹಾಗಾಂವದ ಆಚೆಯ ಒಂದು ಹಳ್ಳಿ, ತವರು ಕಮಲಾಪುರ. ಗಂಡ ಶರಣಪ್ಪ ಹೊಲದ ಭಾವಿಯಲ್ಲಿ ಸತ್ತಿದ್ದ. ಭಾವಿಯ ಕಟ್ಟೆಯ ಮೇಲೆ ಇವಳ ಒಡೆದ ಬಳೆ ಸಿಕ್ಕಿದ್ದವು, ಸೀರೆ ಒದ್ದೆ ಇತ್ತು, ಹಿಂದಿನ ದಿನ ಗಂಡ ಹೆಂಡತಿ ಜಗಳಾಡಿದ್ದನ್ನು ಓಣಿ ಕೇಳಿತ್ತು. ತಳ್ಳಿದಳು ಅಂದರು. ಅವಳನ್ನು ತರಲು ಹೋದ ಜೀಪಿನಲ್ಲಿ ನಾನೂ ಇದ್ದೆ. ದಾರಿಯ ಎರಡೂ ಕಡೆ ತೊಗರಿ ಹೂ ಬಿಟ್ಟಿತ್ತು. ನೋಡಿದಷ್ಟು ದೂರ ಹಳದಿ, ಅದರ ಮೇಲೆ ಮಂಜು. ಜಗದೇವಿ ಸೊಂಟದ ಮೇಲಿನ ಹೆಣ್ಣುಕೂಸನ್ನು ಅತ್ತೆಯ ಕೈಗೆ ಕೊಟ್ಟು ಬಂದು ಕೂತಳು. ಮಾವ ಬಸವಂತಗೌಡರು ಬಿಳಿ ರುಮಾಲು ಸುತ್ತಿ ಅಂಗಳದಲ್ಲಿ ನಿಂತಿದ್ದರು. ಅವಳು ಅವರ ಮುಂದೆ ಹಾಯುವಾಗ ಸೆರಗನ್ನು ಗದ್ದದವರೆಗೆ ಎಳೆದುಕೊಂಡಳು. ಜೀಪು ಹೊರಟ ಮೇಲೆ ಎಷ್ಟೋ ಹೊತ್ತು ಆ ಸೆರಗು ಸರಿಸಲಿಲ್ಲ. ಹಳದಿ ಹೊಲ ಅವಳಿಗೆ ಬಟ್ಟೆಯ ಹಿಂದಿನಿಂದ ಹೇಗೆ ಕಂಡಿತೋ ಅಂತ ನಾನು ಈಗಲೂ ನೆನೆಸುತ್ತೇನೆ.

ಕೋರ್ಟಿನಲ್ಲಿ ಖಟ್ಲೆ ನಡೆಯುವಷ್ಟರಲ್ಲಿ ನಮಗೆ ವ್ಯಾನು ಬಂದಿತ್ತು, ನನ್ನನ್ನೂ ಮೌಲಾಸಾಬರನ್ನೂ ಕಲಬುರಗಿಗೆ ಹಾಕಿದ್ದರು. ಸಾಕ್ಷಿ ಎಲ್ಲ ಮುಗಿದ ಮೇಲೆ ಜಡ್ಜರು ಆರೋಪಿಯನ್ನೇ ಕೇಳುವ ಒಂದು ದಿನ ಬರುತ್ತದೆ: ನಿನ್ನ ವಿರುದ್ಧ ಹೀಗೆ ಹೀಗೆ ಹೇಳಿದ್ದಾರೆ, ನೀನೇನನ್ನುತ್ತೀ ಅಂತ. ಆ ದಿನ ನಾನು ಅವಳ ಹಿಂದಿನ ಬೆಂಚಿನಲ್ಲಿದ್ದೆ. ಸಾಲಿನಲ್ಲಿ ಬಹಳ ಕೇಸುಗಳಿದ್ದವು. ಜಡ್ಜರು ಬೇಗ ಬೇಗ ಓದಿದರು. ಒಂದೊಂದು ಪ್ರಶ್ನೆಯೊಳಗೆ ಹಲವು ಪ್ರಶ್ನೆ ಕಟ್ಟಿದ್ದರು. ಹಿಂದಿನ ದಿನ ಜಗಳವಾಗಿ, ಬುತ್ತಿ ತೆಗೆದುಕೊಂಡು ಹೋಗಿ, ಭಾವಿಯ ಹತ್ತಿರ ಬಳೆ ಒಡೆದು, ಗಂಡನನ್ನು ತಳ್ಳಿದೆಯಂತೆ, ಏನು ಹೇಳುತ್ತೀ ಅಂತ. ಜಗಳ ಆಗಿತ್ತು. ಬುತ್ತಿ ಒಯ್ದಿದ್ದಳು. ಬಳೆ ಅವಳವೇ. ಕೊನೆಯದೊಂದು ಅಲ್ಲ.

"ಹೌದ್ರಿ" ಅಂದಳು.

ಎಲ್ಲದಕ್ಕೂ ಹೌದ್ರಿ. ಹೇಳುವುದೇನಾದರೂ ಇದೆಯೇ ಅಂದರೆ ಏನಿಲ್ರಿ. ಸರಕಾರ ಕೊಟ್ಟ ವಕೀಲರು ಆ ಹೊತ್ತಿಗೆ ಬೇರೆ ಕೋರ್ಟ್ ಹಾಲಿನಲ್ಲಿದ್ದರು. ನಾನು ಮೌಲಾಸಾಬರ ಪಾಠದಂತೆ ಅವಳು ಎತ್ತ ನೋಡುತ್ತಾಳೆ ಅಂತ ನೋಡಿದೆ. ನೆಲ ನೋಡುತ್ತಿದ್ದಳು. ಕೊನೆಯ ಬೆಂಚಿನಲ್ಲಿ ಬಿಳಿ ರುಮಾಲು ಕೂತಿತ್ತು.

ಜೀವಾವಧಿ ಆಯಿತು. ವ್ಯಾನಿನಲ್ಲಿ ಅವಳು, ಜೀವಾವಧಿ ಅಂದ್ರ ಎಷ್ಟು ದಿನ ಅಕ್ಕಾರ, ಅಂತ ಕೇಳಿದಳು. ಮುಂದಿನ ಸೀಟಿನಿಂದ ಮೌಲಾಸಾಬರು ತಿರುಗದೆಯೇ, "ಸೋಜಾ ಬೇಟೀ, ಮಲಕೋ" ಅಂದರು. ಅವಳು ನಿಜವಾಗಿ ಮಲಗಿದಳು. ನನ್ನ ಭುಜದ ಮೇಲೆ ತಲೆ ಬಿತ್ತು. ಜೈಲಿನ ಗೇಟು ಬಂದರೂ ಡ್ರೈವರು ಎಂಜಿನು ಆರಿಸದೆ ಸ್ವಲ್ಪ ಹೊತ್ತು ಹಾಗೇ ಇಟ್ಟ.

ಆಮೇಲಿನ ವರ್ಷಗಳು ನನ್ನ ಮನಸ್ಸಿನಲ್ಲಿ ಒಂದರೊಳಗೊಂದು ಕಲೆತುಹೋಗಿವೆ. ಅವಳಿಗೆ ಆಗಾಗ ಹೊಟ್ಟೆನೋವು, ದವಾಖಾನೆಗೆ ಒಯ್ಯುವುದು ನನ್ನ ಪಾಲಿಗೆ. ಉದ್ದ ವರಾಂಡದ ಬೆಂಚಿನಲ್ಲಿ ಇಬ್ಬರೂ ತೂಕಡಿಸುತ್ತಾ ಚೀಟಿ ಕೂಗುವುದನ್ನು ಕಾಯುತ್ತಿದ್ದೆವು. ಅಲ್ಲೇ ಅವಳು ನನಗೆ ಕನಸುಗಳನ್ನು ಹೇಳುತ್ತಿದ್ದಳು. ಒಂದು ಕನಸಿನಲ್ಲಿ ಭಾವಿ ತುಂಬ ತೊಗರಿ ಹೂ ಇರುತ್ತಿತ್ತಂತೆ, ಅದರ ಮೇಲೆ ಶರಣಪ್ಪ ಹಾಸಿಗೆಯ ಮೇಲೆ ಮಲಗಿದಂತೆ ಮಲಗಿರುತ್ತಿದ್ದ. ಎಬ್ಬಿಸಲು ಹೋದರೆ ಇವಳ ಬಾಯಿಂದ ದನಿ ಬರುತ್ತಿರಲಿಲ್ಲ. ಇನ್ನೊಂದರಲ್ಲಿ ಮಗಳು ರೊಟ್ಟಿ ಬಡಿಯುತ್ತಿದ್ದಳು, ಕೈ ಮಾತ್ರ ಕೂಸಿನ ಕೈ.

ತಳ್ಳಿಲ್ಲ ಅಂತ ಕೋರ್ಟಿನಲ್ಲಿ ಆಗಲೇ ಅಂದುಬಿಡಬೇಕಿತ್ತಲ್ಲ ಅಂತ ನಾನು ಒಮ್ಮೆ ಕೇಳಿದೆ.

"ಮಾವಾರು ಕುಂತಿದ್ರಲ್ರಿ ಅಕ್ಕಾರ" ಅಂದಳು. "ಅವರ ಮುಂದ ಅಲ್ಲ ಅಂತ ಹೆಂಗ ಅನ್ಲಿ?"

ನಿಮಗೆ ಇದು ನಗು ತರಿಸಬಹುದು. ಅವರ ಮನೆಯಲ್ಲಿ ಸೊಸೆಯಂದಿರು ಮಾವನ ಮುಂದೆ ಬಾಯಿ ತೆರೆಯುವುದಿಲ್ಲ. ಮಾವ ಇರುವ ಜಾಗದಲ್ಲಿ ದೊಡ್ಡವರು ಏನಾದರೂ ಕೇಳಿದರೆ ಹೌದ್ರಿ ಅನ್ನಬೇಕು, ಅಷ್ಟೆ. ಮದುವೆಯಾದಾಗಿನಿಂದ ಅವಳು ಆ ಮುದುಕನ ಮುಖವನ್ನೇ ಸರಿಯಾಗಿ ಕಂಡಿರಲಿಲ್ಲ, ಅವರ ಚಪ್ಪಲಿ ಗುರುತಿತ್ತು. ನಾನೂ ಸೆರಗಿನ ಒಳಗಿಂದ ಬಂದವಳು, ನನಗೆ ನಗು ಬರಲಿಲ್ಲ.

ಬಡವರಿಗೆ ಪುಕ್ಕಟೆ ವಕೀಲಿ ಮಾಡುವ ರೇಣುಕಾ ಎಂಬ ಹುಡುಗಿ ಒಮ್ಮೆ ಜೈಲಿಗೆ ಬಂದಳು. ವಯಸ್ಸು ಸ್ನೇಹಾಳಷ್ಟೇ, ಮಾತು ಮೆಣಸಿನಕಾಯಿ. ಜಗದೇವಿಯ ಕಾಗದಗಳನ್ನು ಓದಿ, ಇದೇನು ಪ್ರಶ್ನೆಯೋ ಗಂಟುಮೂಟೆಯೋ ಅಂದಳಂತೆ. ಮೇಲಿನ ಕೋರ್ಟಿಗೆ ಅಪೀಲು ಹಾಕಿದಳು. ಅದು ಅಲ್ಲಿ ಕೂತೇ ಇತ್ತು. ಅಷ್ಟರಲ್ಲಿ ನಮ್ಮ ಕೆಲಸವೂ ಬದಲಾಯಿತು. ಜೈಲಿನೊಳಗೇ ಒಂದು ಕೋಣೆಯಲ್ಲಿ ಜಡ್ಜರನ್ನು ತೋರಿಸುವ ವಿಡಿಯೋ ಪರದೆ ಇಟ್ಟರು. ಕೈದಿ ಪರದೆಯ ಮುಂದೆ ಕೂತರೆ ತಾರೀಖು ಮುಗಿಯಿತು. ನಮಗೆ ದಣಿವು ಕಡಿಮೆಯಾಯಿತು, ಖರೆ. ಆದರೆ ಹೆಂಗಸರು ಬಿಸಿಲಿಗೆ ಬರುವುದೂ ಕಡಿಮೆಯಾಯಿತು. ಮೌಲಾಸಾಬರು ನಿವೃತ್ತರಾಗಿ ಹೋಗುವಾಗ, ಇನ್ನು ಮುಂದ ಪೊಲೀಸರೂ ಪರದೆಯೊಳಗೇ ನಿವೃತ್ತಿ ಆಗ್ತಾರ ಅಂತ ನಕ್ಕಿದ್ದರು.

ಅಪೀಲಿನ ಉತ್ತರ ಬಂದಾಗ ಜಗದೇವಿಯ ಮಗಳು ಎಂಟನೆಯ ಇಯತ್ತೆಯಲ್ಲಿದ್ದಳು. ತಪ್ಪು ರೀತಿಯಲ್ಲಿ ಕೇಳಿದ್ದಾರೆ, ಒಂದೊಂದೇ ಪ್ರಶ್ನೆ ಬಿಡಿಸಿ ಮತ್ತೆ ಕೇಳಿ, ಅವಳು ಸಾಕ್ಷಿ ಕರೆಯುತ್ತೇನೆಂದರೆ ಕರೆಯಲು ಬಿಡಿ, ಆಮೇಲೆ ಹೊಸದಾಗಿ ತೀರ್ಪು ಕೊಡಿ ಅಂತ ಕೆಳಗಿನ ಕೋರ್ಟಿಗೆ ಹೇಳಿದ್ದರು. ಹೊಸ ಜಡ್ಜರು ದಕ್ಷಿಣದ ಕಡೆಯವರು. ಪರದೆ ಬೇಡ, ಎದುರಿಗೇ ಕರೆತನ್ನಿ ಅಂದರಂತೆ. ರೇಣುಕಾ ವಕೀಲರು ಹಿಂದಿನ ದಿನ ಜೈಲಿಗೆ ಬಂದು ಅವಳ ಕೈ ಹಿಡಿದು ಹೇಳಿದರು, ಇನ್ನೊಮ್ಮೆ ಕೇಳುವವರು ಯಾರೂ ಇಲ್ಲ, ನಾಳೆಯೂ ಹೌದು ಅಂದರೆ ನೀನು ಇಲ್ಲೇ ಮುದುಕಿಯಾಗುತ್ತೀ, ಮಗಳು ನಿನ್ನನ್ನು ಫೋಟೋದಲ್ಲಿ ನೋಡುತ್ತಾಳೆ ಅಂತ. ಜಗದೇವಿ ಅದಕ್ಕೂ ಹೌದ್ರಿ ಅಂದಳು. ರೇಣುಕಾ ಹಣೆ ಬಡಿದುಕೊಂಡರು.

ಮರುದಿನ ಕೋರ್ಟಿಗೆ ಹೋದೆವು. ಕೊನೆಯ ಬೆಂಚಿನಲ್ಲಿ ಬಸವಂತಗೌಡರು ಕೂತಿದ್ದರು. ಬಹಳ ಮುಪ್ಪಾಗಿದ್ದರು, ರುಮಾಲು ತಲೆಗಿಂತ ದೊಡ್ಡದಾಗಿ ಕಾಣುತ್ತಿತ್ತು. ಮೊದಲ ಪ್ರಶ್ನೆಗೆ ಜಗದೇವಿ ಹೌದ್ರಿ ಅಂದಳು. ರೇಣುಕಾ ತಟ್ಟನೆ ಎದ್ದು, ಮಾವ ಇದ್ದರೆ ಇವಳು ಮಾತಾಡಲಾರಳು ಅಂತ ಜಡ್ಜರಿಗೆ ವಿವರಿಸಿದರು. ಜಡ್ಜರು ಗೌಡರಿಗೆ ಸ್ವಲ್ಪ ಹೊರಗಿರಿ ಅಂದರು. ಗೌಡರು ಎದ್ದು ಹೋದರು. ಈಗ ಹೇಳಮ್ಮ, ಅಂದರು ಜಡ್ಜರು.

ನಾನು ಜಗದೇವಿಯ ಬೆನ್ನು ನೋಡುತ್ತಿದ್ದೆ. ಕುಪ್ಪಸ ಬೆವರಿನಿಂದ ಒದ್ದೆಯಾಗುತ್ತಾ ಬಂತು. ಮೇಲೆ ಫ್ಯಾನು ತಿರುಗುತ್ತಿತ್ತು. ಇಡೀ ಕೋರ್ಟು ಮಧ್ಯಾಹ್ನದ ಕನಸಿನೊಳಗೆ ಇಳಿದ ಹಾಗೆ ನನಗೆ ಅನ್ನಿಸಿತು. ಕಡೆಗೆ ಅವಳು ಹೇಳಿದ್ದು ಇಷ್ಟು: "ಅವರಿಲ್ಲದಾಗ ಹೇಳಿದ್ರ ಚಾಡಿ ಆಗತದ್ರಿ. ಅವರನ್ನ ಒಳಗ ಕರೀರಿ."

ಸರಕಾರಿ ವಕೀಲರಿಗೆ ಸಿಟ್ಟು ಬಂತು, ಕೋರ್ಟಿನ ಹೊತ್ತು ಕಳೆಯುತ್ತಿದ್ದಾಳೆ ಅಂದರು. ಜಡ್ಜರು ಗೌಡರನ್ನು ಕರೆಸಿದರು. ಅವರು ಬಂದು ಕೂತರು. ಜಗದೇವಿ ಸೆರಗು ಎಳೆದುಕೊಂಡಳು. ಆಮೇಲೆ ನಿಧಾನವಾಗಿ ಜಡ್ಜರ ಕಡೆಯೂ ಅಲ್ಲ, ಮಾವನ ಕಡೆಯೂ ಅಲ್ಲ, ಪಕ್ಕದ ಗೋಡೆಯ ಕಡೆ ತಿರುಗಿದಳು.

ಆಗ ನನಗೆ ನೆನಪಾಯಿತು. ಅಂಥ ಮನೆಗಳಲ್ಲಿ ಸೊಸೆಗೆ ಮಾವನಿಗೆ ಏನಾದರೂ ಮುಟ್ಟಿಸುವುದಿದ್ದರೆ, ನಡುವೆ ಅತ್ತೆಯೂ ಇಲ್ಲ, ಕೂಸೂ ಇಲ್ಲ ಅಂದರೆ, ಗೋಡೆಗೆ ಹೇಳುತ್ತಾಳೆ. ಗ್ವಾಡೆವ್ವ, ಎಮ್ಮಿ ಹಗ್ಗ ಹರಕೊಂಡದ ನೋಡು, ಅಂತ. ಮಾವ ಆ ಕಡೆ ಕೇಳಿಸಿಕೊಂಡು ಎದ್ದು ಹೋಗುತ್ತಾನೆ. ಮಾತು ಮುಟ್ಟುತ್ತದೆ, ಮರ್ಯಾದೆ ಉಳಿಯುತ್ತದೆ. ನನ್ನ ಅವ್ವನೂ ಹಾಗೇ ಮಾಡುತ್ತಿದ್ದಳು.

ಸರಕಾರಿ ವಕೀಲರು ಇದು ನ್ಯಾಯಾಲಯಕ್ಕೆ ಅಪಮಾನ ಅಂದರು. ಜಡ್ಜರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅವರು ಯಾರಿಗೆ ಬೇಕಾದರೂ ಹೇಳಲಿ. ನನಗೆ ಕೇಳಿಸಿದರೆ ಸಾಕು" ಅಂದರು. ಒಂದೊಂದೇ ಪ್ರಶ್ನೆ ಕೇಳಿದರು. ಅವಳು ಸುಣ್ಣ ಉದುರಿದ ಗೋಡೆಗೆ ಒಂದೊಂದೇ ಉತ್ತರ ಹೇಳಿದಳು. ದನಿ ಸಣ್ಣದು, ಆದರೆ ನಡುಗಲಿಲ್ಲ. ಗಂಡನನ್ನು ತಳ್ಳಿದೆಯಾ ಅಂತ ಕೇಳಿದರು.

"ಇಲ್ಲ ಗ್ವಾಡೆವ್ವಾ. ತೊಗರಿ ಕಾಯಾಕ ಹೋದಾವ ನಿದ್ದಿ ಹತ್ತಿ ಮಲಗಿದ್ದ. ದನ ಬಿದ್ದು ಬೆಳಿ ತಿಂದ್ವು. ಮುಂಜಾನಿ ಕೂಲಿ ಮಂದಿ ಮುಂದ ಮಾವಾರು ಚಪ್ಪಲಿಲೆ ಹೊಡದ್ರು. ಅಪ್ಪ ಮಗನ್ನ ಹೊಡೀತಾನ, ಹೊಡೀಬಾರದಂತ ನಾ ಅನ್ನಂಗಿಲ್ಲ. ಆದ್ರ ಆ ಮನಷ್ಯಾಗ ತಡೀಲಿಲ್ಲ. ನಾ ಬುತ್ತಿ ಒಯ್ಯೂದ್ರಾಗ ಭಾವಿ ಕಟ್ಟಿ ಮ್ಯಾಲ ನಿಂತಿದ್ದ. ನನ್ನ ನೋಡಿದ, ಹಾರಿದ. ಸೀರಿ ಸೆರಗ ಭಾವ್ಯಾಗ ಬಿಟ್ಟೆ. ಬಳಿ ಕಲ್ಲಿಗಿ ಬಡದು ಒಡದ್ವು. ಸೆರಗ ಅವನ ಮಾರಿ ಮ್ಯಾಲೇ ಬಿದ್ದಿತ್ತು, ಗ್ವಾಡೆವ್ವಾ. ಹಿಡೀಬಹುದಿತ್ತು. ಹಿಡೀಲಿಲ್ಲ. ಮಾವಾರಿಗಿ ಇದು ಗೊತ್ತಾಗಬಾರದಂತ ಇಟಗೊಂಡಿದ್ದೆ."

ಟೈಪು ಮಾಡುವ ಹುಡುಗಿಯ ಕೈ ನಿಂತಿತ್ತು. ಯಾರೂ ಅವಳಿಗೆ ಬರೆ ಅನ್ನಲಿಲ್ಲ. ನಾನು ತಿರುಗಿ ನೋಡಿದೆ. ಗೌಡರು ತಮ್ಮ ಪಾದ ನೋಡುತ್ತಾ ಕೂತಿದ್ದರು. ಕೋರ್ಟು ಖಾಲಿಯಾಗಿ ಜವಾನ ಬಂದು ಎಬ್ಬಿಸುವ ತನಕ ಹಾಗೇ ಕೂತಿದ್ದರಂತೆ.

ಆರೋಪಿ ಹೇಳಿದ್ದೊಂದೇ ಸಾಲುವುದಿಲ್ಲ, ಸಾಕ್ಷಿ ಬೇಕು. ರೇಣುಕಾ ವಕೀಲರು ಆ ಹಳ್ಳಿಗೆ ಎಷ್ಟು ಸಲ ಹೋದರೂ ಕೂಲಿಯವರು ಯಾರೂ ಬಾಯಿ ಬಿಟ್ಟಿರಲಿಲ್ಲ. ಗೌಡರ ಹೊಲದಲ್ಲೇ ದುಡಿಯಬೇಕಾದವರು ಅವರು. ಮುಂದಿನ ತಾರೀಖಿಗೆ ಮಾತ್ರ ಸಾಯವ್ವ ಎಂಬ ಹೆಣ್ಣಾಳು ತಾನಾಗಿ ಬಂದು ಕೋರ್ಟಿನ ಮೆಟ್ಟಿಲ ಮೇಲೆ ಕೂತಿದ್ದಳು. ಚಪ್ಪಲಿಯ ಏಟು ಕಂಡದ್ದನ್ನು ಹೇಳಿದಳು. ತಾನು ತೊಗರಿಯ ಸಾಲಿನಲ್ಲಿದ್ದಾಗ ಶರಣಪ್ಪ ಭಾವಿಗೆ ಹಾರಿದ್ದನ್ನು ಕಂಡದ್ದನ್ನೂ, ಜಗದೇವಿ ಕಟ್ಟೆಯ ಮೇಲೆ ಬೋರಲಾಗಿ ಬಿದ್ದು ಸೆರಗು ಇಳಿಬಿಟ್ಟದ್ದನ್ನೂ ಹೇಳಿದಳು. ಇಷ್ಟು ವರ್ಷ ಯಾಕೆ ಸುಮ್ಮನಿದ್ದೆ ಅಂತ ಸರಕಾರಿ ವಕೀಲರು ಗದರಿಸಿದರು.

"ಆಗ ಗೌಡ್ರು ಹೇಳು ಅಂದಿದ್ದಿಲ್ರಿ" ಅಂದಳು ಸಾಯವ್ವ. "ಈಗ ಹೇಳಂದ್ರು."

ಬಿಡುಗಡೆ ಆಯಿತು. ಜಡ್ಜರು ಓದುವಾಗ ಜಗದೇವಿಗೆ ಅರ್ಥವಾಗಲಿಲ್ಲ. ಆಯ್ತವ್ವ, ಮುಗೀತು, ಅಂತ ನಾನೇ ಹೇಳಿದೆ. ಏನು ಮುಗೀತ್ರಿ ಅಂದಳು. ಕಳೆದ ವರ್ಷಗಳಿಗೆ ತಪ್ಪಾಯಿತೆಂಬ ಮಾತನ್ನು ಯಾರೂ ಹೇಳಲಿಲ್ಲ. ಅಂಥ ಮಾತು ಹೇಳುವ ಪದ್ಧತಿ ಅಲ್ಲಿಲ್ಲ ಸಂಗಮೇಶ. ನೀನು ಕರಿಕೋಟು ಹಾಕಿದ ಮೇಲೆ ಹುಡುಕಿ ನೋಡು.

ಜೈಲಿನ ಕಾಗದ ಮುಗಿಯುವಷ್ಟರಲ್ಲಿ ಹೊತ್ತು ಇಳಿದಿತ್ತು. ಅವಳು ಒಂದು ಸಣ್ಣ ಚೀಲ ಹಿಡಿದು ಗೇಟಿನಿಂದ ಹೊರಗೆ ಬಂದಳು, ಹಿಂದೆ ನಾನು. ರಸ್ತೆಯ ಆಚೆ ಬೇವಿನ ಮರದ ಕೆಳಗೆ ಬಸವಂತಗೌಡರು ನಿಂತಿದ್ದರು. ಪಕ್ಕದಲ್ಲಿ 'ಜೈಲಿನವಳ ಮಗಳು' ಅಂತ ಕರೆಸಿಕೊಂಡು ಬೆಳೆದ ಹುಡುಗಿ, ಎರಡು ಜಡೆ, ಸಾಲೆಯ ಅಂಗಿ, ಬೆನ್ನಿಗೆ ಬಟ್ಟೆಯ ಚೀಲ. ಹುಡುಗಿ ತಾಯಿಯ ಮುಖ ನೋಡದೆ ಅವಳ ಕೈ ನೋಡುತ್ತಿದ್ದಳು, ಕೈಯಲ್ಲಿ ಬಳೆ ಇರಲಿಲ್ಲ. ಗೌಡರು ಯಾರಿಗೂ ಅಲ್ಲದ ಹಾಗೆ ಗಾಳಿಗೆ ಹೇಳಿದರು, ಬಾಡಿಗೆ ಗಾಡಿ ತಂದಿದ್ದೇನೆ, ಮನೆ ಬಾಗಿಲು ತೆರೆದೇ ಇದೆ, ಅತ್ತೆ ಹೋದ ಮೇಲೆ ಒಲೆ ಹಚ್ಚುವವರು ಇಲ್ಲ, ಅಂತ.

ಜಗದೇವಿ ರಸ್ತೆ ದಾಟಿದಳು. ಅವರ ಎದುರು ನಿಂತಳು. ಸೆರಗನ್ನು ಹಣೆಯಿಂದ ಹಿಂದಕ್ಕೆ ಸರಿಸಿದಳು. ಸಂಜೆಯ ಬಿಸಿಲು ಅವಳ ಮುಖದ ಮೇಲೆ ಬಿತ್ತು, ಆ ಮುಖವನ್ನು ಗೌಡರು ಅಂದೇ ಮೊದಲು ಕಂಡಿರಬೇಕು.

"ಮಾವಾರ, ನಾ ಆ ಮನಿಗಿ ಬರಂಗಿಲ್ಲ. ಕಮಲಾಪುರಕ್ಕ ಹೋಗ್ತೀನಿ. ಹುಡುಗಿ ನನ್ನ ಸಂಗಟ ಬರ್ತಾಳ."

ಗೌಡರ ಕೈ ಹುಡುಗಿಯ ಹೆಗಲ ಮೇಲಿತ್ತು. ಬಹಳ ಹೊತ್ತು ಅಲ್ಲೇ ಇತ್ತು. ಒಂದು ಸಿಟಿ ಬಸ್ಸು ಬಂತು, ಹೋಯಿತು. ಆಮೇಲೆ ಕೈ ತೆಗೆದರು, ಸೊಸೆಯ ಕಣ್ಣು ನೋಡಿದರು.

"ಪೋರಿಗಿ ಬಸ್ಸಿನಾಗ ವಾಂತಿ ಆಗತದ" ಅಂದರು. "ಕಿಡಕಿ ಬಾಜೂಕ ಕೂಡಸು."